ಕಾವಲಿಗೆ ಹತ್ತಿರದ ಮೂಲೆ

ಕರ್ನಾಟಕದ ಬೆಳಗಿನ ತಿಂಡಿಗಳಲ್ಲಿ ಎರಡು ಬಗೆ. ಇಡ್ಲಿ, ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನಗಳನ್ನು ಒಮ್ಮೆಗೇ ಮಾಡಿ ಮುಚ್ಚಿಟ್ಟು, ಎಲ್ಲರೂ ಸೇರಿದಾಗ ಬಡಿಸಬಹುದು. ದೋಸೆ, ಅಕ್ಕಿ ರೊಟ್ಟಿ, ರಾಗಿ ರೊಟ್ಟಿ, ಜೋಳದ ರೊಟ್ಟಿ ಹಾಗಲ್ಲ. ಅವು ಕಾವಲಿಯಿಂದ ಒಂದೊಂದಾಗಿ ಏಳುತ್ತವೆ, ಎದ್ದ ಕೂಡಲೇ ತಟ್ಟೆಗೆ ಬೀಳಬೇಕು. ಸ್ವಲ್ಪ ತಡವಾದರೂ ದೋಸೆಯ ಗರಿ ಹೋಗುತ್ತದೆ, ಅಕ್ಕಿ ರೊಟ್ಟಿ ಬಿರುಸಾಗುತ್ತದೆ. ಊಟದ ಮೇಜು ಹಾಲಿನಲ್ಲಿದ್ದರೆ ಈ ಎರಡನೆಯ ಬಗೆಯ ತಿಂಡಿಗೆ ಯಾರಾದರೊಬ್ಬರು ಒಲೆಗೂ ಮೇಜಿಗೂ ನಡುವೆ ಓಡಾಡುತ್ತಲೇ ಇರಬೇಕು, ಇಲ್ಲವೇ ಒಬ್ಬೊಬ್ಬರೂ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಬೇಕು. ಹುಯ್ಯುವವರ ಸರದಿ ಬರುವುದು ಎಲ್ಲರೂ ಎದ್ದುಹೋದ ಮೇಲೆ. ಆಗ ಅವರು ಒಬ್ಬರೇ, ಸಾಮಾನ್ಯವಾಗಿ ಕಟ್ಟೆಗೆ ಒರಗಿ ನಿಂತುಕೊಂಡೇ ತಿನ್ನುತ್ತಾರೆ. ಅಡುಗೆಮನೆಯಲ್ಲಿ ಜಾಗ ಉಳಿಸುವ ತಿಂಡಿ ಮೂಲೆಯೊಂದನ್ನು ಮಾಡಿಕೊಳ್ಳಬೇಕೆಂದು ಯೋಚಿಸುವವರು ಸಾಮಾನ್ಯವಾಗಿ ಮರದ ಬಣ್ಣ, ದಿಂಬಿನ ಬಟ್ಟೆ, ತೂಗುದೀಪ ಇವುಗಳಿಂದ ಶುರುಮಾಡುತ್ತಾರೆ. ಕಾವಲಿಯಿಂದ ಶುರುಮಾಡಬೇಕೆಂಬುದು ನನ್ನ ವಾದ. ಒಲೆಯ ಮುಂದೆ ನಿಂತವರ ಎರಡು ಹೆಜ್ಜೆಯೊಳಗೆ ಮನೆಮಂದಿ ಕೂರುವಂತಾದರೆ ಅಳತೆ, ಮರ, ಕಲ್ಲು, ದಿಕ್ಕು ಎಲ್ಲವೂ ಅದರ ಬೆನ್ನಿಗೇ ತೀರ್ಮಾನವಾಗುತ್ತವೆ. ಆ ಎರಡು ಹೆಜ್ಜೆ ತಪ್ಪಿದರೆ ಎಷ್ಟೇ ಚೆಂದದ ಮೂಲೆಯಾದರೂ ಅದು ಪತ್ರಿಕೆ, ಚೀಲ, ಔಷಧಿ ಡಬ್ಬಿ ಇಡುವ ಇನ್ನೊಂದು ಕಪಾಟು ಅಷ್ಟೆ.

ಮೊದಲು ಜಾಗದ ಲೆಕ್ಕ. ನಾಲ್ಕು ಜನರ ಸಾಧಾರಣ ಮೇಜು ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲ. ಮೇಜಿಗಷ್ಟೇ ಆದರೆ ಹತ್ತು ಚದರ ಅಡಿ. ಆದರೆ ಕುರ್ಚಿಯನ್ನು ಹಿಂದಕ್ಕೆಳೆದು ಕೂತು ಏಳಬೇಕಾದರೆ ಎರಡೂ ಬದಿಗೆ ಕಡಿಮೆಯೆಂದರೂ 30 ಅಂಗುಲ ಬಿಡಬೇಕು. ಅಲ್ಲಿಗೆ ಹತ್ತು ಚದರ ಅಡಿಯ ಮೇಜು 30 ಚದರ ಅಡಿ ನುಂಗಿತು. ಜಾಗ ತಿನ್ನುವುದು ಮೇಜಲ್ಲ, ಕುರ್ಚಿಯ ಓಡಾಟ. ಕುರ್ಚಿಯ ಬದಲು ಗೋಡೆಗೆ ಹೊಂದಿಸಿದ ಬೆಂಚು ಇದ್ದರೆ ಈ ಓಡಾಟವೇ ಇರುವುದಿಲ್ಲ. ಕೂರುವವರು ಪಕ್ಕದಿಂದ ಸರಿದು ಒಳಗೆ ಹೋಗುತ್ತಾರೆ. 18 ಅಂಗುಲ ಆಳದ ಎರಡು ಬೆಂಚು ಎದುರುಬದುರು, ನಡುವೆ 28 ಅಂಗುಲದ ಮೇಜು, ಮೇಜಿನ ಅಂಚು ಬೆಂಚಿನ ಮೇಲೆ ಮೂರು ಮೂರು ಅಂಗುಲ ಚಾಚಿದ್ದರೆ ಒಟ್ಟು ಅಗಲ 58 ಅಂಗುಲ. ನಾಲ್ಕಡಿ ಉದ್ದಕ್ಕೆ ಅದು ಸುಮಾರು 19 ಚದರ ಅಡಿ. ಇನ್ನೂ ಉಳಿಸಬೇಕೆಂದರೆ ಗೋಡೆಯ ಬದಿಗೆ ಒಂದೇ ಬೆಂಚು, ಹೊರಬದಿಗೆ ಮೇಜಿನಡಿ ತಳ್ಳಿಡಬಹುದಾದ ಎರಡು ಸ್ಟೂಲು. ಯಾರೂ ಕೂರದಿರುವಾಗ ಇದು ಹಿಡಿಯುವುದು ಹದಿನಾಲ್ಕು ಚದರ ಅಡಿಗಿಂತ ತುಸು ಹೆಚ್ಚು, ಕೂತಾಗ ಇಪ್ಪತ್ತರ ಆಸುಪಾಸು. ತಿಂಡಿಯ ಹೊತ್ತು ಮುಗಿದ ಮೇಲೆ ಅಡುಗೆಮನೆಗೆ ಅದರ ನೆಲ ವಾಪಸು ಸಿಗುವುದರಿಂದ ಚಿಕ್ಕ ಮನೆಗೆ ನಾನು ಹೇಳುವುದು ಈ ಎರಡನೆಯದನ್ನೇ. ಅಡುಗೆಮನೆಯಲ್ಲೇ ಕೂತು ಉಣ್ಣುವುದನ್ನು ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಬೇರೆ ರೀತಿಯಲ್ಲಿ ಒಪ್ಪಿದೆ. ಊಟಕ್ಕೆ ಬೇರೆ ಜಾಗವಿದ್ದರೆ ಅಡುಗೆಮನೆ ಕನಿಷ್ಠ 5 ಚದರ ಮೀಟರ್, ಅಗಲ 1.8 ಮೀಟರ್ ಇರಬೇಕೆನ್ನುವ ಸಂಹಿತೆ, ಅಲ್ಲೇ ಊಟವನ್ನೂ ಮಾಡುವುದಾದರೆ 7.5 ಚದರ ಮೀಟರ್, 2.1 ಮೀಟರ್ ಅಗಲ ಬೇಕೆನ್ನುತ್ತದೆ. ಹೆಚ್ಚಾದದ್ದು ಎರಡೂವರೆ ಚದರ ಮೀಟರ್, ಅಂದರೆ ಸುಮಾರು 27 ಚದರ ಅಡಿ. ಕುರ್ಚಿ ಮೇಜಿಗೆ ಅದು ಸಾಲದು, ಬೆಂಚಿನ ಮೂಲೆಗೆ ಧಾರಾಳ. ಏಳಡಿ ಅಗಲ, ಹನ್ನೊಂದೂವರೆ ಅಡಿ ಉದ್ದದ ಅಡುಗೆಮನೆಯ ತುದಿಗೋಡೆಗೆ ಬೆಂಚು ಹಾಕಿ ಮೇಜನ್ನಿಟ್ಟರೂ ಅಡುಗೆಯ ಕಟ್ಟೆಗೆ ಸುಮಾರು ಎಂಟಡಿ ಉದ್ದ ಉಳಿಯುತ್ತದೆ. ಅಷ್ಟೂ ಇಲ್ಲದ ಮನೆಗಳಲ್ಲಿ ಫ್ರಿಜ್ಜನ್ನೋ ಗ್ರೈಂಡರನ್ನೋ ಯುಟಿಲಿಟಿಗೆ ಸಾಗಿಸಿದರೆ ಎರಡಡಿ ಮೂಲೆ ಬಿಡುವಾಗುತ್ತದೆ; ಇಬ್ಬರ ಬೆಂಚಿಗೆ ಅಲ್ಲಿಂದ ಆರಂಭಿಸಬಹುದು.

ಅಡುಗೆಮನೆಯಿಂದ ಕೂರುವ ಜಾಗ ಕಾಣೆಯಾದದ್ದು ತಾನಾಗಿ ಅಲ್ಲ. ಅದಕ್ಕೊಂದು ಇತಿಹಾಸವಿದೆ, ಮತ್ತು ಆ ಇತಿಹಾಸ ಅರ್ಧ ಮಾತ್ರ ನಮಗೆ ತಲುಪಿದೆ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರ ಕೆಲಸಗಾರರ ಕುಟುಂಬಗಳಿಗಾಗಿ ದೊಡ್ಡ ಪ್ರಮಾಣದಲ್ಲಿ ಮನೆ ಕಟ್ಟಿಸುತ್ತಿದ್ದಾಗ, ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್‌ಕಿ ಒಂದು ಅಡುಗೆಮನೆ ರೂಪಿಸಿದರು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ರೈಲಿನ ಊಟದ ಬೋಗಿಯಲ್ಲಿ ಕಿರಿದಾದ ಜಾಗದಲ್ಲೇ ಅಷ್ಟೊಂದು ಜನರಿಗೆ ಅಡುಗೆ ನಡೆಯುವುದು ಅವರಿಗೆ ಮಾದರಿಯಾಗಿತ್ತು. ಹೊರಗೆ ದುಡಿದು ಬರುವ ಹೆಂಗಸು ಅಡುಗೆಮನೆಯಲ್ಲಿ ಒಂದು ಹೆಜ್ಜೆಯನ್ನೂ ವ್ಯರ್ಥವಾಗಿ ಇಡಬಾರದೆಂಬುದು ಅವರ ಉದ್ದೇಶ. ಅಂಥ ಸುಮಾರು ಹತ್ತು ಸಾವಿರ ಅಡುಗೆಮನೆಗಳು ಆ ಊರಲ್ಲಿ ಆದವು. ಇಂದಿನ ಮಾಡ್ಯುಲರ್ ಕಿಚನ್ನಿನ ಹಿರಿಯಜ್ಜಿ ಅದೇ. ಅದಕ್ಕೂ ಮುಂಚೆ ಅಲ್ಲಿನ ಬಡವರ ಮನೆಯಲ್ಲಿ ಅಡುಗೆ, ಊಟ, ಮಾತು, ಮಕ್ಕಳ ಆಟ ಎಲ್ಲ ಒಲೆಯ ಬಿಸಿಯಿರುವ ಒಂದೇ ಕೋಣೆಯಲ್ಲಿ ನಡೆಯುತ್ತಿತ್ತು. ಹೊಸ ಅಡುಗೆಮನೆ ಒಬ್ಬರಿಗಷ್ಟೇ ಸಾಕಾಗುವ ಕಾರ್ಯಾಗಾರವಾಯಿತು. ಆದರೆ ಶ್ಯೂಟೆ-ಲಿಹೊಟ್ಸ್‌ಕಿ ಊಟದ ಮೇಜನ್ನು ಮರೆತಿರಲಿಲ್ಲ. ಪಕ್ಕದ ಕೋಣೆಗೆ ಅಗಲವಾದ ಜಾರುಬಾಗಿಲಿಟ್ಟು, ಒಲೆಗೂ ಮೇಜಿಗೂ ಕೆಲವೇ ಹೆಜ್ಜೆಯ ಅಂತರವಿರುವಂತೆ, ಅಡುಗೆ ಮಾಡುತ್ತಲೇ ಅಲ್ಲಿ ಆಡುವ ಮಕ್ಕಳ ಮೇಲೆ ಕಣ್ಣಿಡಲು ಬರುವಂತೆ ನೋಡಿಕೊಂಡಿದ್ದರು. ನಮ್ಮ ಫ್ಲ್ಯಾಟುಗಳು ಆ ಕಿರಿದಾದ ಕೋಣೆಯನ್ನು ತೆಗೆದುಕೊಂಡವು, ಆ ಅಂತರದ ಲೆಕ್ಕವನ್ನು ಬಿಟ್ಟವು. ನಡುವೆ ಒಂದು ಗೋಡೆ, ಒಂದು ಓಣಿ, ಕೆಲವೊಮ್ಮೆ ಇಡೀ ಹಾಲು ಬಂದು ಕೂತಿದೆ.

ಅದೇ ಕಾಲದಲ್ಲಿ ಅಟ್ಲಾಂಟಿಕ್ಕಿನ ಆಚೆ ಅದೇ ರೈಲಿನಿಂದ ಇನ್ನೊಂದು ಪಾಠ ಕಲಿತರು. ಅಮೆರಿಕದ ಮಧ್ಯಮ ವರ್ಗದ ಬಂಗಲೆಗಳಲ್ಲಿ 1910 ಮತ್ತು 1920ರ ದಶಕಗಳಲ್ಲಿ, ಮನೆಗೆಲಸದ ಆಳುಗಳು ವಿರಳವಾಗುತ್ತಿದ್ದಂತೆ, ಅಡುಗೆಮನೆಯ ಒಂದು ಬದಿಗೆ ಎದುರುಬದುರು ಎರಡು ಬೆಂಚು, ನಡುವೆ ಮೇಜು ಇರುವ ತಿಂಡಿಯ ಗೂಡು ಕಾಣಿಸಿಕೊಂಡಿತು. ಪುಲ್‌ಮನ್ ರೈಲುಬೋಗಿಯ ಆಸನದಂತಿದ್ದುದರಿಂದ ಅದಕ್ಕೆ ಪುಲ್‌ಮನ್ ಎಂಬ ಹೆಸರೂ ಬಿತ್ತು. ಕ್ಯಾಟಲಾಗಿನಲ್ಲಿ ಮನೆಯನ್ನೇ ಬಿಡಿಭಾಗಗಳಾಗಿ ಮಾರುತ್ತಿದ್ದ ಸಿಯರ್ಸ್ ಕಂಪನಿಯ ನಕ್ಷೆಗಳಲ್ಲೂ ಇದು ಸೇರಿತು. ಊಟದ ಕೋಣೆಯಲ್ಲಿ ಬಡಿಸಲು ಆಳಿಲ್ಲದಿದ್ದಾಗ ಊಟವೇ ಒಲೆಯ ಹತ್ತಿರ ಬಂದದ್ದು ಸಹಜ. ರೈಲಿನ ಅಡುಗೆಕೋಣೆಯಿಂದ ಒಬ್ಬರು ಕೆಲಸದ ಬಿಗಿಯನ್ನು ಕಲಿತರೆ, ರೈಲಿನ ಆಸನದಿಂದ ಇನ್ನೊಬ್ಬರು ಜೊತೆಗೆ ಕೂರುವುದನ್ನು ಕಲಿತರು. ಎರಡೂ ಬೇಕಾದವು, ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವ ಅಗತ್ಯವಿಲ್ಲ ಎಂಬುದನ್ನು ಮೇಲಿನ ಅಳತೆಗಳೇ ಹೇಳುತ್ತವೆ. ಇನ್ನು ನಮ್ಮಲ್ಲಿ ಇದು ಎರವಲು ಎಂದೂ ಅನ್ನಿಸಬೇಕಿಲ್ಲ. ಒಲೆಯ ಎದುರಿಗೆ ಮಣೆ ಹಾಕಿ ಕೂತು, ಹೆಂಚಿನಿಂದ ನೇರ ತಟ್ಟೆಗೆ ರೊಟ್ಟಿ ಹಾಕಿಸಿಕೊಳ್ಳುವುದು ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ರೂಢಿಯಲ್ಲಿದ್ದದ್ದೇ. ಒಲೆ ನೆಲದಿಂದ ಕಟ್ಟೆಗೆ ಏರಿತು, ಮಣೆ ಅದರ ಜೊತೆ ಏರಲಿಲ್ಲ. ತಿಂಡಿ ಮೂಲೆಯ ಬೆಂಚೆಂದರೆ ಹದಿನೆಂಟು ಅಂಗುಲ ಏರಿದ ಮಣೆ.

ಇಲ್ಲೊಂದು ಗಂಭೀರ ಆಕ್ಷೇಪಣೆಯಿದೆ. ಅಡುಗೆಮನೆಯನ್ನು ಇನ್ನಷ್ಟು ಹಿತವಾಗಿಸುವುದೆಂದರೆ ಹೆಂಗಸನ್ನು ಅಲ್ಲಿಯೇ ಕಟ್ಟಿಹಾಕುವ ಇನ್ನೊಂದು ಉಪಾಯವಲ್ಲವೇ? ಕೇಳಬೇಕಾದ ಪ್ರಶ್ನೆಯೇ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು. ಅಂಥ ಕೆಲಸಕ್ಕೆ ಕೈಹಾಕುವ ಗಂಡಸರು 97 ನಿಮಿಷ. ಕೈಹಾಕುವ ಗಂಡಸರೇ ನೂರಕ್ಕೆ ಇಪ್ಪತ್ತಾರರಷ್ಟು, ಹೆಂಗಸರು ಎಂಬತ್ತೊಂದರಷ್ಟು. ಬೆಂಚು ಹಾಕಿದ ಮಾತ್ರಕ್ಕೆ ಈ ಅಂಕಿ ಬದಲಾಗುತ್ತದೆಂದು ಯಾರೂ ಹೇಳಲಾರರು. ಆದರೆ ಗೋಡೆಯ ಆಚೆ ನಡೆಯುವ ಕೆಲಸ ಕಣ್ಣಿಗೆ ಬೀಳುವುದಿಲ್ಲ, ಕಣ್ಣಿಗೆ ಬೀಳದ ಕೆಲಸವನ್ನು ಯಾರೂ ಹಂಚಿಕೊಳ್ಳುವುದಿಲ್ಲ. ಒಲೆಯಿಂದ ಎರಡು ಹೆಜ್ಜೆ ದೂರದಲ್ಲಿ ಕೂತವನಿಗೆ ಹಿಟ್ಟು ಮುಗಿದದ್ದು ಕಾಣುತ್ತದೆ, ಚಟ್ನಿ ಬಟ್ಟಲು ಖಾಲಿಯಾದದ್ದು ಕಾಣುತ್ತದೆ, ನಿಂತವರ ಕಾಲುನೋವೂ ಕಾಣುತ್ತದೆ. ಇನ್ನೊಂದು ದೋಸೆಗೆ ಕೂಗುವ ಬದಲು ಎದ್ದು ತಾನೇ ಹುಯ್ದುಕೊಳ್ಳುವುದು ಅಲ್ಲಿ ಸುಲಭ. ಹಾಲಿನ ಮೇಜಿನಿಂದ ಎದ್ದು ಬರುವುದು ಅಷ್ಟು ಸುಲಭವಲ್ಲ. ಹತ್ತು ವರ್ಷದ ಹುಡುಗ ಬೆಂಚಿನ ಮೇಲೆ ಕೂತು ತೆಂಗಿನಕಾಯಿ ತುರಿಯಬಲ್ಲ, ಬಟಾಣಿ ಬಿಡಿಸಬಲ್ಲ. ಹುಡುಗಿಗೆ ಮಾತ್ರ ಒಳಗಿನ ಕೆಲಸ, ಹುಡುಗನಿಗೆ ಹೊರಗಿನ ಟಿ.ವಿ. ಎಂಬ ವಿಭಜನೆಗೆ ಗೋಡೆ ಒದಗಿಸುವ ಅನುಕೂಲವನ್ನಾದರೂ ತೆಗೆದುಹಾಕಬಹುದು. ಕೂರಲು ಜಾಗವಿಲ್ಲದ ಅಡುಗೆಮನೆ ಎಂದಿಗೂ ಒಬ್ಬರದೇ ಆಗಿ ಉಳಿಯುತ್ತದೆ, ಆ ಒಬ್ಬರು ಯಾರೆಂಬುದು ಎಲ್ಲರಿಗೂ ಗೊತ್ತು.

ಈಗ ಹಳ್ಳಿಮನೆಯ ರೂಪದ ಮಾತು. ಮಾರುಕಟ್ಟೆಯಲ್ಲಿ ಈ ಹೆಸರಿನಲ್ಲಿ ಸಿಗುವ ಬಹಳಷ್ಟು ಸರಕು ಪುಡಿಮರದ ಹಲಗೆಯ ಮೇಲೆ ಮರದ ಗೆರೆಗಳನ್ನು ಅಚ್ಚುಹಾಕಿದ ಕಾಗದ ಅಂಟಿಸಿದ್ದು. ಗಂಟು, ಗೀರು, ಉಳಿಯೇಟು ಎಲ್ಲವೂ ಚಿತ್ರವೇ. ಇದು ಬೇಡವೆನ್ನಲು ಅಭಿರುಚಿಯ ಕಾರಣ ಬೇಕಾಗಿಲ್ಲ, ನೀರೊಂದೇ ಸಾಕು. ನಮ್ಮ ಮನೆಗಳಲ್ಲಿ ದಿನಾ ನೆಲ ಒರೆಸುತ್ತಾರೆ, ಅಡುಗೆಮನೆಯಲ್ಲಿ ಎರಡು ಸಲವೂ ಒರೆಸಬಹುದು. ಆ ಹಲಗೆಯ ಅಂಚಿನ ಪಟ್ಟಿ ಒಮ್ಮೆ ಬಿಟ್ಟುಕೊಂಡಿತೆಂದರೆ ಒಳಗಿನ ಪುಡಿ ನೀರು ಕುಡಿದು ಊದಿಕೊಳ್ಳುತ್ತದೆ. ಊದಿಕೊಂಡದ್ದು ಮತ್ತೆ ಇಳಿಯುವುದಿಲ್ಲ, ಸ್ಕ್ರೂ ಹಿಡಿಯುವುದಿಲ್ಲ, ಯಾವ ಆಚಾರಿಯೂ ಅದನ್ನು ರಿಪೇರಿ ಮಾಡಲಾರ. ಗಟ್ಟಿಮರ ಹಾಗಲ್ಲ. ಗೀರು ಬಿದ್ದರೆ ತೋಪಡಾ ಹೊಡೆಯಬಹುದು, ಕೀಲು ಸಡಿಲವಾದರೆ ಬೆಣೆ ಬಡಿಯಬಹುದು, ಒಂದು ಹಲಗೆ ಹಾಳಾದರೆ ಅದೊಂದನ್ನೇ ಬದಲಿಸಬಹುದು. ಹಳೆಯ ಹಳ್ಳಿಮನೆಯ ಸಾಮಾನಿನಲ್ಲಿ ನಾವು ಮೆಚ್ಚುವ ಚೆಲುವು ಈ ರಿಪೇರಿಯ ಗುರುತುಗಳದ್ದೇ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಇದೆ. ಬಿಚ್ಚಿ ಜೋಡಿಸಲು ಬಂದದ್ದು ಅವು ಮರ ಮತ್ತು ಕೀಲಿನಿಂದ ಆದ ಮನೆಗಳಾದ್ದರಿಂದ. ಅಂಟಿನಿಂದ ಆದ ವಸ್ತುವಿಗೆ ಆ ಎರಡನೆಯ ಜನ್ಮವಿಲ್ಲ.

ಮರವನ್ನು ಆರಿಸುವಾಗಲೂ ಕಣ್ಣಿಗಿಂತ ಕೆಲಸಕ್ಕೆ ಕಿವಿಗೊಡುವುದು ಒಳ್ಳೆಯದು. ತೇಗ ಎಲ್ಲರಿಗೂ ಗೊತ್ತು, ಬೆಲೆಯೂ ಗೊತ್ತು. ಹಲಸಿನ ಮರ ಮೊದಲು ಹಳದಿಯಾಗಿದ್ದು ವರ್ಷಗಳು ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ವೀಣೆಯ ಕೊಡ ಕಡೆಯುವುದಕ್ಕೂ ಬಾಗಿಲುವಾಡಕ್ಕೂ ಅದನ್ನೇ ಆರಿಸಿಕೊಂಡು ಬಂದಿದ್ದಾರೆ, ಬೆಂಚಿಗೆ ಅದು ಬಹಳ ಒಳ್ಳೆಯದು. ಹೊನ್ನೆ ಗಟ್ಟಿ, ಚೆಂದ, ಆದರೆ ನೀರು ತಾಗಿದರೆ ಬಣ್ಣ ಬಿಡುತ್ತದೆ. ಹೊನ್ನೆಯ ಲೋಟದಲ್ಲಿ ನೀರಿಟ್ಟು ಕುಡಿಯುವವರಿಗೆ ಇದು ಗೊತ್ತೇ ಇದೆ. ಹಾಗಾಗಿ ಕಾಲಿಗೆ, ಚೌಕಟ್ಟಿಗೆ ಹೊನ್ನೆ ಇರಲಿ, ತಟ್ಟೆಯಿಡುವ ಜಾಗಕ್ಕೆ ಬೇಡ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಅಗ್ಗ, ಹದವಾಗಿ ಒಣಗಿಸಿದರೆ ಒಳಾಂಗಣದ ಕೆಲಸಕ್ಕೆ ಸಾಕು. ಮಾವು ಇನ್ನೂ ಅಗ್ಗ. ಔಷಧಿ ಹಾಕದಿದ್ದರೆ ಹುಳ ಬೀಳುತ್ತದೆ. ಕೆಡವಿದ ಮನೆಯ ತೊಲೆ, ಬಾಗಿಲುಗಳಿಂದ ಬಂದ ಹಳೇ ಮರ ಎಲ್ಲಕ್ಕಿಂತ ಮೇಲು. ಅದು ದಶಕಗಳ ಕಾಲ ಒಣಗಿ ಕೂತಿರುತ್ತದೆ, ಮಳೆಗಾಲದಲ್ಲಿ ಹೆಚ್ಚು ಹಿಗ್ಗುವುದಿಲ್ಲ. ಒಳಗೆ ಉಳಿದ ಮೊಳೆ, ಹುಳದ ತೂತು ನೋಡಿ ಕೊಳ್ಳಬೇಕು. ಯಾವ ಮರವೇ ಆಗಲಿ ಅಡ್ಡಡ್ಡಲಾಗಿ ಹಿಗ್ಗಿ ಕುಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಇಲ್ಲ. ಆದ್ದರಿಂದ ಅಗಲದ ಹಲಗೆಗಳನ್ನು ಗೋಡೆಗೆ ಅದುಮಿ ಬಿಗಿಯದೆ ಒಂದೆರಡು ಸೂತು ಬಿಡಿಸಿಡಬೇಕು. ಇಲ್ಲದಿದ್ದರೆ ಆಷಾಢದಲ್ಲಿ ಮೇಜು ಉಬ್ಬಿ ಮಾಘದಲ್ಲಿ ಸೀಳುತ್ತದೆ. ಅರಗಿನ ಪಾಲಿಶ್ ನೋಡಲು ಅಂದ, ಬಿಸಿ ಲೋಟ ಇಟ್ಟರೆ ಬಿಳಿಯ ಉಂಗುರ ಬೀಳುತ್ತದೆ. ತಿಂಡಿಯ ಮೇಜಿಗೆ ನೀರು, ಬಿಸಿ ತಡೆಯುವ ಲೇಪನವೇ ಆಗಬೇಕು, ಅಥವಾ ಮರದ ಬದಲು ಕಲ್ಲೇ ಆಗಬೇಕು.

ಕಲ್ಲಿನ ಮಾತು ಬಂದಾಗ ನಮ್ಮ ನಾಡಿನಷ್ಟು ಆಯ್ಕೆ ಇರುವ ಜಾಗ ಕಡಿಮೆ. ಆದರೂ ಶಹಾಬಾದ್ ಕಲ್ಲು, ಕಡಪ ಕಲ್ಲು ಎರಡೂ ಸುಣ್ಣಕಲ್ಲಿನ ಜಾತಿಯವು, ಅಮೃತಶಿಲೆಯೂ ಅದೇ ಬಳಗ. ಹುಣಿಸೆಹುಳಿ, ನಿಂಬೆಹಣ್ಣು, ಮಜ್ಜಿಗೆ ಚೆಲ್ಲಿ ಹಾಗೆಯೇ ಬಿಟ್ಟರೆ ಅವುಗಳ ಹೊಳಪು ತಿಂದುಹೋಗುತ್ತದೆ. ಸಾರು, ಉಪ್ಪಿನಕಾಯಿಯ ಮನೆಗೆ ಮೇಜಿನ ಮೇಲ್ಮೈಯಾಗಿ ಗ್ರಾನೈಟ್ ಸರಿ. ಇಳಕಲ್ಲಿನ ಕೆಂಪು ಕಲ್ಲು ಹಳ್ಳಿಮನೆಯ ಬಣ್ಣಕ್ಕೂ ಹೊಂದುತ್ತದೆ. ಕಡಪವನ್ನು ಕೂರುವ ಬೆಂಚಿಗೆ ಬಳಸಬಹುದು. ನಿಜ ಹೇಳಬೇಕೆಂದರೆ ಸ್ವಂತ ಮನೆಯಾದರೆ ಬೆಂಚಿಗೆ ಮರವೇ ಬೇಕಾಗಿಲ್ಲ. ಎರಡು ಕಿರುಗೋಡೆ, ಮೇಲೊಂದು ಕಲ್ಲಿನ ಚಪ್ಪಡಿ, ಮುಂಭಾಗಕ್ಕೆ ಕೆಂಪು ಗಾರೆಯ ನುಣುಪು. ನಮ್ಮ ಜಗಲಿ ಇದೇ ತಾನೆ! ಇಟ್ಟಿಗೆಯಲ್ಲೇ ಆಸನ, ಗೂಡು, ಕಪಾಟುಗಳನ್ನು ಕಟ್ಟಿಬಿಡುವುದನ್ನು ಕೇರಳದಲ್ಲಿ ಲಾರಿ ಬೇಕರ್ ತಮ್ಮ ಮನೆಗಳಲ್ಲಿ ಉದ್ದಕ್ಕೂ ಮಾಡಿ ತೋರಿಸಿದರು. ದುಡ್ಡು ಉಳಿಸುವುದೇ ಅದರ ಉದ್ದೇಶವಾಗಿತ್ತು. ಕಲ್ಲಿನ ಬೆಂಚನ್ನು ಗೆದ್ದಲು ತಿನ್ನುವುದಿಲ್ಲ, ಬಕೆಟ್ಟು ನೀರು ಸುರಿದು ತೊಳೆಯಬಹುದು. ಚಳಿಗಾಲದ ಬೆಳಗಿನಲ್ಲಿ ಕಲ್ಲು ತಣ್ಣಗಿರುತ್ತದೆ ಎಂಬ ದೂರು ನಿಜ. ಒಂದು ಚಾಪೆಯೋ ಕೌದಿಯೋ ಅದಕ್ಕೆ ಸಾಕು. ದಪ್ಪ ಫೋಮಿನ ದಿಂಬು ಹಾಕುವವರು ಅದು ಕೂತಾಗ ಎಷ್ಟು ತಗ್ಗುತ್ತದೆಂದು ಲೆಕ್ಕಹಾಕಿ ಬೆಂಚಿನ ಎತ್ತರ ನಿರ್ಧರಿಸಲಿ. ಕೂರುವ ಜಾಗಕ್ಕೂ ಮೇಜಿನ ಮೇಲ್ಮೈಗೂ ಹನ್ನೊಂದು ಹನ್ನೆರಡು ಅಂಗುಲ ಅಂತರ ತಪ್ಪಿದರೆ ಕೈ ನೋಯುತ್ತದೆ.

ಹೊಗೆ, ಒಗ್ಗರಣೆಯ ಘಾಟು ಎಂಬ ತಕರಾರು ಹೆಚ್ಚಾಗಿ ಕೇಳಿಬರುತ್ತದೆ. ಒಣಮೆಣಸಿನಕಾಯಿ ಹುರಿಯುವಾಗ ಹತ್ತಿರ ಕೂರಲಾಗದೆಂಬುದು ಸತ್ಯ. ಆದರೆ ಕೂತವರಿಗೆ ಆಗದ ಗಾಳಿ ನಿಂತವರಿಗೆ ಆಗುತ್ತದೆಯೇ? ಆ ಘಾಟು ಸಹಿಸಲಾಗದಷ್ಟಿದ್ದರೆ ಚಿಮಣಿಯೋ ಎಕ್ಸಾಸ್ಟ್ ಫ್ಯಾನೋ ಅಡುಗೆ ಮಾಡುವವರಿಗಾಗಿಯೇ ಬೇಕಿತ್ತು. ಮನೆಮಂದಿ ಹತ್ತಿರ ಕೂತರೆ ಅದು ಬೇಗ ಬರುತ್ತದೆ ಅಷ್ಟೆ. ಮೂಲೆಯನ್ನು ಕಿಟಕಿಯ ಕಡೆಗೂ ಒಲೆಯನ್ನು ಕಿಟಕಿಯ ಗಾಳಿ ನೇರ ಬಡಿಯದ ಕಡೆಗೂ ಇಟ್ಟರೆ ಉರಿಯೂ ನೆಟ್ಟಗಿರುತ್ತದೆ, ಕೂತವರಿಗೆ ಬೆಳಕೂ ಸಿಗುತ್ತದೆ. ವಾಸ್ತು ನೋಡುವ ಮನೆಗಳಲ್ಲಿ ಅಡುಗೆಮನೆ ಆಗ್ನೇಯಕ್ಕಿರುವುದರಿಂದ ಪೂರ್ವದ ಕಿಟಕಿಯಿದ್ದಲ್ಲಿ ಬೆಳಗಿನ ಬಿಸಿಲು ಅಲ್ಲಿಗೇ ಬರುತ್ತದೆ. ಮರದ ಮೇಲೆ ಬಿದ್ದ ಅರಿಶಿನದ ಕಲೆ ಬಿಸಿಲಿಗೆ ಮಾಸುತ್ತದೆಂಬುದು ಅದರ ಜೊತೆಗಿನ ಲಾಭ. ಬೆಂಚಿನ ಕೆಳಗಿನ ಪೆಟ್ಟಿಗೆಯ ಬಗ್ಗೆ ಮಾತ್ರ ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಅಕ್ಕಿ ಡಬ್ಬಿ, ಹಬ್ಬದ ಪಾತ್ರೆ ಏನಾದರೂ ಇಡಿ, ಗ್ಯಾಸ್ ಸಿಲಿಂಡರ್ ಇಡಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಕೆಳಗೇ ಕೂರುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ ತುಂಬಿಕೊಳ್ಳುತ್ತದೆ. ಪೆಟ್ಟಿಗೆಗೆ ಮೇಲಿನಿಂದ ತೆರೆಯುವ ಮುಚ್ಚಳವೂ ಬೇಡ. ಎಲ್ಲರನ್ನೂ ಎಬ್ಬಿಸಿ ದಿಂಬು ತೆಗೆದು ತೆರೆಯಬೇಕಾದ ಜಾಗವನ್ನು ಕ್ರಮೇಣ ಯಾರೂ ತೆರೆಯುವುದೇ ಇಲ್ಲ. ಪಕ್ಕದಿಂದ ಎಳೆಯುವ ಡ್ರಾಯರ್ ಇರಲಿ.

ಎಂಜಲು ಮುಸುರೆಯ ಶಿಸ್ತು ಪಾಲಿಸುವ ಮನೆಗಳ ಅಳುಕನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವುದು ಸರಿಯಲ್ಲ. ಬೇಯಿಸುವ ಕಡೆ ಉಂಡ ತಟ್ಟೆ ಬರಬಾರದೆಂಬುದರಲ್ಲಿ ಶುಚಿಯ ವಿವೇಕವೂ ಇದೆ. ಆದರೆ ಆ ಶಿಸ್ತು ಎಂದೂ ಗೋಡೆಯನ್ನು ಕೇಳಿರಲಿಲ್ಲ. ಒಲೆಯ ಎದುರೇ ಉಣ್ಣುತ್ತಿದ್ದರು, ಉಂಡ ಜಾಗವನ್ನು ಕೂಡಲೇ ಗೋಮಯದಿಂದ ಸಾರಿಸುತ್ತಿದ್ದರು, ಎಲೆಯನ್ನು ಹೊರಗೆ ಒಯ್ಯುತ್ತಿದ್ದರು. ಮೂಲೆ ಒಲೆಯ ಕಟ್ಟೆಗೆ ತಾಗದೆ ಎದುರು ಗೋಡೆಗಿರಲಿ. ಉಂಡ ತಟ್ಟೆ ಅಡುಗೆಯ ಸಿಂಕಿಗೆ ಬರದೆ ನೇರ ಯುಟಿಲಿಟಿಯ ತೊಟ್ಟಿಗೆ ಹೋಗಲಿ. ಕಲ್ಲಿನ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಲು ಅರ್ಧ ನಿಮಿಷ ಸಾಕು. ಹೀಗೆ ಮಾಡಿದರೆ ಹಾಲಿನ ಮೇಜಿನಿಂದ ತಟ್ಟೆಗಳು ಅಡುಗೆಮನೆಯ ಉದ್ದಕ್ಕೂ ಹಾದುಹೋಗುವುದಕ್ಕಿಂತ ಇದೇ ಮೇಲಾಗುತ್ತದೆ.

ಬೆಂಚಿನ ಒಳಗೆ ಕೂತವರು ಏಳಬೇಕಾದರೆ ಪಕ್ಕದವರನ್ನು ಎಬ್ಬಿಸಬೇಕು. ಇದು ಈ ವ್ಯವಸ್ಥೆಯ ನಿಜವಾದ ದೌರ್ಬಲ್ಯ, ಮುಚ್ಚಿಡಬೇಕಾಗಿಲ್ಲ. ಮಂಡಿನೋವಿನ ಅಜ್ಜಿಗೆ, ಗರ್ಭಿಣಿಗೆ ಬೆಂಚಿನ ಮೇಲೆ ಸರಿದು ಒಳಗೆ ಹೋಗುವುದು ಕಷ್ಟ; ಹಿಡಿದು ಏಳಲು ಬೆಂಚಿಗೆ ಕೈಗಳಿರುವುದಿಲ್ಲ. ಅವರಿಗೆ ಹೊರಬದಿಯಲ್ಲಿ ಕೈಯಿರುವ ಒಂದು ಗಟ್ಟಿ ಕುರ್ಚಿ ಖಾಯಂ ಇರಬೇಕು, ಒಂದು ಸ್ಟೂಲು ಕಡಿಮೆಯಾದರೂ ಚಿಂತೆಯಿಲ್ಲ. ಒಳಮೂಲೆ ಮಕ್ಕಳದ್ದು. ಮೇಜಿಗೆ ನಾಲ್ಕು ಮೂಲೆಗೆ ನಾಲ್ಕು ಕಾಲು ಕೊಡದೆ ನಡುವೆ ಒಂದೇ ಕಂಬ ಕೊಟ್ಟರೆ ಅಥವಾ ಒಂದು ತುದಿಯನ್ನು ಗೋಡೆಗೆ ಬ್ರಾಕೆಟ್ಟಿನಿಂದ ಹಿಡಿಸಿದರೆ ಸರಿಯುವಾಗ ಮೊಣಕಾಲು ಬಡಿಯುವುದಿಲ್ಲ. ಗೋಡೆಗೆ ಮಡಚುವ ಮೇಜನ್ನು ಜಾಗ ಉಳಿತಾಯದ ತುದಿಯೆಂದು ಕೆಲವರು ಹೊಗಳುತ್ತಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಬೆಳಗಿನ ಏಳು ಗಂಟೆಯ ಗಡಿಬಿಡಿಯಲ್ಲಿ ಬಿಡಿಸಿ, ಕೊಂಡಿ ಹಾಕಿ, ಆಮೇಲೆ ಮಡಚಬೇಕಾದ ಮೇಜು ಮಡಚಿದಂತೆಯೇ ಉಳಿಯುತ್ತದೆ, ಎಲ್ಲರೂ ಮತ್ತೆ ನಿಂತು ತಿನ್ನತೊಡಗುತ್ತಾರೆ. ಇನ್ನು ನೆಂಟರು ಬಂದರೆ ಏನು ಮಾಡುವುದೆಂಬ ಪ್ರಶ್ನೆ. ಎಂಟು ಜನ ನೆಂಟರು ಬಂದ ದಿನ ನಾಲ್ಕು ಕುರ್ಚಿಯ ಮೇಜೂ ಸಾಲುವುದಿಲ್ಲ. ಹಾಲಿನಲ್ಲಿ ಚಾಪೆ ಹಾಸಿ ಎಲೆ ಹಾಕುವುದು ನಮಗೆ ಗೊತ್ತಿರುವ ವಿದ್ಯೆ. ಮೇಜು ಇಲ್ಲದ ಹಾಲಿನಲ್ಲಿ ಅದಕ್ಕೆ ಜಾಗವೂ ಹೆಚ್ಚು. ವರ್ಷಕ್ಕೆ ಕೆಲವು ದಿನ ಬರುವವರಿಗಾಗಿ ದಿನನಿತ್ಯದ 30 ಚದರ ಅಡಿಯನ್ನು ಮೀಸಲಿಡುವುದೆಂದರೆ, ಚದರ ಅಡಿಗೆ ಐದಾರು ಸಾವಿರ ರೂಪಾಯಿ ಎಂದು ಹಿಡಿದರೂ, ಒಂದೂವರೆ ಲಕ್ಷಕ್ಕೆ ಮೇಲ್ಪಟ್ಟ ಬೆಲೆಯ ನೆಲವನ್ನು ಕಟ್ಟಿಹಾಕಿದಂತೆ.

ಬಾಡಿಗೆ ಮನೆಯವರು ಕಲ್ಲಿನ ಕಟ್ಟೆ ಕಟ್ಟಲಾರರು. ಅವರಿಗೆ ನಾಲ್ಕಡಿಯ ಬಿಡಿ ಬೆಂಚು, ಅದರ ಬೆನ್ನಿಗೆ ಗೋಡೆಯೇ ಒರಗು, ಮುಂದೆ ಕಿರಿದಾದ ಮೇಜು. ಮನೆ ಬದಲಾದರೆ ಟೆಂಪೋದಲ್ಲಿ ಹೋಗುತ್ತದೆ, ಮುಂದಿನ ಮನೆಯಲ್ಲಿ ಜಾಗವಿಲ್ಲದಿದ್ದರೆ ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳಲು ಕೂರುವ ಬೆಂಚಾಗುತ್ತದೆ. ಸ್ವಂತ ಮನೆಯವರೂ ಇಲ್ಲಿಂದಲೇ ಆರಂಭಿಸುವುದು ಜಾಣತನ. ಕಟ್ಟಿದ್ದನ್ನು ಕದಲಿಸಲಾಗದು ಎಂಬ ಭಯಕ್ಕೆ ಕ್ರಿಸ್ಟೋಫರ್ ಅಲೆಕ್ಸಾಂಡರ್ ಮತ್ತು ಅವರ ಸಂಗಡಿಗರು 1977ರ ತಮ್ಮ ‘ಎ ಪ್ಯಾಟರ್ನ್ ಲ್ಯಾಂಗ್ವೇಜ್’ ಪುಸ್ತಕದಲ್ಲಿ ಒಂದು ಸರಳ ಉಪಾಯ ಹೇಳಿದ್ದಾರೆ. ಕಟ್ಟುವ ಆಸನಗಳು ಬಹಳ ಸಲ ಸೋಲುವುದು ತಪ್ಪು ಜಾಗದಲ್ಲಿ ಕಟ್ಟಿದ್ದರಿಂದ. ಆದ್ದರಿಂದ ಮೊದಲು ಹಳೆಯ ಕುರ್ಚಿಯೊಂದನ್ನು ಅಲ್ಲಿಟ್ಟು ಕೆಲವು ದಿನ ಕೂತು ನೋಡಿ, ಸರಿಕಾಣದಿದ್ದರೆ ಸರಿಸಿ ನೋಡಿ, ನಂತರ ಕಟ್ಟಿ ಎನ್ನುತ್ತಾರೆ. ನಮ್ಮ ಅಡುಗೆಮನೆಗೆ ಇದನ್ನು ಅನ್ವಯಿಸಿದರೆ, ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೋಡೆಯಿಂದ 43 ಅಂಗುಲಕ್ಕೆ (ಒಂದು ಬೆಂಚು, ಮೇಜು ಸೇರಿ ಹಿಡಿಯುವ ಅಗಲ) ಗೆರೆ ಎಳೆದು, ಯಾವುದಾದರೂ ಹಳೆಯ ಬೆಂಚು, ಹಲಗೆ, ಎರಡು ಸ್ಟೂಲು ಇಟ್ಟು ಎರಡು ವಾರ ಅಲ್ಲೇ ತಿಂಡಿ ತಿನ್ನಬೇಕು. ಫ್ರಿಜ್ಜಿನ ಬಾಗಿಲು ಪೂರ್ತಿ ತೆರೆಯುತ್ತದೆಯೇ, ಸ್ಟೂಲಿನಲ್ಲಿ ಒಬ್ಬರು ಕೂತಿರುವಾಗ ಕುದಿಯುವ ಸಾರಿನ ಪಾತ್ರೆ ಹಿಡಿದವರು ಹಿಂದಿನಿಂದ ನಿರ್ಭಯವಾಗಿ ಹಾದುಹೋಗಬಹುದೇ ಎಂಬುದು ಆ ಎರಡು ವಾರಗಳಲ್ಲಿ ತಿಳಿಯುತ್ತದೆ. ಹಿಂದೆ ಮೂರಡಿ ಉಳಿಯದಿದ್ದರೆ ಆ ಜಾಗ ಬೇಡ. ಅದರ ಜೊತೆಗೆ ನೋಡಬೇಕಾದದ್ದು ದೋಸೆಯ ದಿನ ಏನಾಗುತ್ತದೆ ಎಂಬುದನ್ನು. ಹುಯ್ಯುವವರು ಕಾವಲಿಯ ಮೇಲೆ ಮುಚ್ಚಳವಿಟ್ಟು, ಅದು ಬೇಯುವ ಒಂದೆರಡು ನಿಮಿಷ ಸ್ಟೂಲಿನ ಮೇಲೆ ಕೂತು ತಮ್ಮ ತಟ್ಟೆಯಿಂದ ಎರಡು ತುತ್ತು ತಿಂದರೇ? ತಿಂದಿದ್ದರೆ ಬಡಗಿಯನ್ನು ಕರೆಸಬಹುದು. ತಿನ್ನದಿದ್ದರೆ ಮೇಜನ್ನು ಇನ್ನೊಂದು ಅಡಿ ಒಲೆಯ ಕಡೆ ಸರಿಸಿ ಮತ್ತೊಂದು ವಾರ ನೋಡಬೇಕು, ಇಲ್ಲವೇ ಒಂದು ಒಲೆಯ ಇಂಡಕ್ಷನ್ನನ್ನು ಮೇಜಿನ ಹೊರತುದಿಗೇ, ಮಕ್ಕಳ ಕೈಗೆಟುಕದಂತೆ ತಂದು ಕಬ್ಬಿಣದ ಕಾವಲಿ ಇಟ್ಟು ನೋಡಬೇಕು. ಆಗ ಹುಯ್ಯುವ ಸೌಟು ಕೂತವರ ಕೈಯಿಂದ ಕೈಗೆ ದಾಟುವುದೂ ಸಾಧ್ಯ.